ರನ್ ಆಯ್ತು ಸರಿ, ಉತ್ತರ ಸರಿಯಾ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾಚಕರ ಅಂಕಣದಲ್ಲಿ ಮೊನ್ನೆ ಒಬ್ಬ ಪೋಷಕರು ಬರೆದಿದ್ದರು. ಪ್ರೋಗ್ರಾಂ ಬರೆಯುವುದನ್ನು ಈಗ ಕಂಪ್ಯೂಟರೇ ಮಾಡುತ್ತದೆ, ಬಿಸಿಎ, ಡಿಪ್ಲೊಮಾ ಮಕ್ಕಳಿಗೆ ಇನ್ನೂ ಯಾಕೆ ಲ್ಯಾಬ್ ಪರೀಕ್ಷೆ, ತೆಗೆದುಹಾಕಿ ಅಂತ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಈಗ ನಡೆಯುತ್ತಿರುವ ಥರದ ಪರೀಕ್ಷೆಯನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ. ಆದರೆ ಅದರ ಜಾಗದಲ್ಲಿ ಇನ್ನೊಂದು ಥರದ ಪರೀಕ್ಷೆ ಬರಬೇಕು. ಅದನ್ನು ಹೇಳುವುದಕ್ಕೇ ಈ ಪತ್ರ.

ನಾನು ಲೆಕ್ಚರರ್ ಅಲ್ಲ, ಕಂಪ್ಯೂಟರ್ ಲ್ಯಾಬ್‌ನ ಇನ್‌ಸ್ಟ್ರಕ್ಟರ್. ಪಾಠ ಮಾಡುವವರು ಬೇರೆ. ಪಾಠ ಕೇಳಿ ಬಂದ ಹುಡುಗರು ಏನು ಟೈಪ್ ಮಾಡುತ್ತಾರೆ ಅಂತ ಬೆನ್ನ ಹಿಂದೆ ನಿಂತು ನೋಡುವವಳು ನಾನು. ಜೊತೆಗೆ ಕೆಟ್ಟ ಮೌಸ್ ಬದಲಿಸುವುದು, ಯುಪಿಎಸ್ ಕೀಂಗುಟ್ಟಿದರೆ "ಎಲ್ಲರೂ ಸೇವ್ ಮಾಡ್ಕೊಳ್ರಪ್ಪಾ" ಅಂತ ಕೂಗುವುದು, ರೆಕಾರ್ಡ್ ಪುಸ್ತಕಕ್ಕೆ ಸೀಲ್ ಒತ್ತುವುದು. ಹೀಗಾಗಿ ಸಿಲೆಬಸ್ ಮಾಡುವವರ ಕಣ್ಣಿಗೆ ಬೀಳದ ಕೆಲವು ಸಂಗತಿ ನನ್ನ ಕಣ್ಣಿಗೆ ಬೀಳುತ್ತವೆ.

ಜಾವಾ ಅನ್ನುವ ಪ್ರೋಗ್ರಾಂ ಭಾಷೆಯ ಲ್ಯಾಬ್ ಇದ್ದಲ್ಲೆಲ್ಲ ಶೇಪ್ ಪ್ರೋಗ್ರಾಂ ಒಂದು ಇದ್ದೇ ಇರುತ್ತದೆ. ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಶೇಪ್ ಅಂತ ಒಂದು ಕ್ಲಾಸ್. ಕ್ಲಾಸ್ ಅಂದರೆ ಅಚ್ಚು ಇದ್ದ ಹಾಗೆ, ಅದರಿಂದ ಮಾಡಿದ ಒಂದೊಂದು ವಸ್ತು ಆಬ್ಜೆಕ್ಟ್. ಅದರ ಕೆಳಗೆ ಸರ್ಕಲ್, ರೆಕ್ಟ್ಯಾಂಗಲ್, ಟ್ರಯಾಂಗಲ್. ಪ್ರತಿಯೊಂದೂ ತನ್ನ ಅಳತೆಯನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಏರಿಯಾ ಎಷ್ಟು ಅಂತ ಕೇಳಿದರೆ ಲೆಕ್ಕ ಮಾಡಿ ಹೇಳುತ್ತದೆ. ಕೇಳುವವರಿಗೆ ಅದು ವೃತ್ತವೋ ತ್ರಿಭುಜವೋ ಗೊತ್ತಿರಬೇಕಾಗಿಲ್ಲ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನ ತಿರುಳೆಲ್ಲ ಒಂದು ಪುಟದಲ್ಲಿ ಸಿಗುತ್ತದೆ. ಅದಕ್ಕೇ ಇದು ಎಲ್ಲ ಕಡೆ ಇದೆ, ಇರಲೂಬೇಕು. ಇದರದೇ ಇನ್ನೊಂದು ಅವತಾರ ಇದೆ, ಅದನ್ನು ಕಂಡರೆ ಮಾತ್ರ ನನಗಾಗದು. ಅದರಲ್ಲಿ ಡ್ರಾ, ಇರೇಸ್ ಅಂತ ಎರಡು ಮೆಥಡ್, ಅಂದರೆ ಕ್ಲಾಸ್ ಮಾಡಿಕೊಡುವ ಕೆಲಸಗಳು. ಡ್ರಾ ಅಂದರೆ 'ಡ್ರಾಯಿಂಗ್ ಸರ್ಕಲ್' ಅಂತ ಅಕ್ಷರ ಮೂಡುತ್ತದೆ. ವೃತ್ತವೂ ಇಲ್ಲ, ಒಂದು ಚುಕ್ಕಿಯೂ ಇಲ್ಲ. ಲೆಕ್ಕವೇ ಇಲ್ಲದ ಮೇಲೆ ತಪ್ಪುವುದಕ್ಕೆ ಏನಿದೆ?

ಪರೀಕ್ಷೆಯ ದಿನ ಹುಡುಗರು ಚೀಟಿ ಎತ್ತುತ್ತಾರೆ. ಶೇಪ್ ಬಂದವರ ಮುಖ ಅರಳುತ್ತದೆ, ಸುಲಭದ್ದು ಅಂತ. ಬಾಯಿಪಾಠ ಮಾಡಿದ್ದನ್ನು ಹಾಳೆಯ ಮೇಲೆ ಬರೆಯುತ್ತಾರೆ. ಅದನ್ನೇ ಟೈಪ್ ಮಾಡುತ್ತಾರೆ. ಸೆಮಿಕೋಲನ್ ಬಿಟ್ಟಿದ್ದರೆ ಕಂಪೈಲರ್ (ಬರೆದದ್ದನ್ನು ಓಡುವ ರೂಪಕ್ಕೆ ತರುವ ಸಾಫ್ಟ್‌ವೇರ್) ಹೇಳುತ್ತದೆ, ಹಾಕುತ್ತಾರೆ. "ಮೇಡಂ, ಔಟ್‌ಪುಟ್ ಬಂತು." ಬೇರೆ ಕಾಲೇಜಿನಿಂದ ಬಂದ ಎಕ್ಸ್‌ಟರ್ನಲ್ ಒಮ್ಮೆ ಬಗ್ಗಿ ನೋಡಿ ರೈಟ್ ಹಾಕುತ್ತಾರೆ. ಆಮೇಲೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಕ್ಲಾಸ್ ಅನ್ನೋದು ಮೊದಲು ಯಾವ ಭಾಷೆಯಲ್ಲಿ ಬಂತು? ಸಿಮ್ಯುಲಾ, ನಾರ್ವೆಯ ಡಾಲ್ ಮತ್ತು ನೈಗಾರ್ಡ್, 1967. ಜಾವಾ? ಜೇಮ್ಸ್ ಗಾಸ್ಲಿಂಗ್, 1995. ಎನ್‌ಕ್ಯಾಪ್ಸುಲೇಷನ್? ಡೇಟಾ ಹೈಡಿಂಗ್. ಎಲ್ಲ ಪಟಪಟ. ಮಕ್ಕಳನ್ನು ನಾನು ಬೈಯುತ್ತಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದ್ದಾರೆ.

ಪರದೆಯ ಮೇಲೆ ಬಂದ ಸಂಖ್ಯೆ ಸರಿಯಾ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಟ್ರಯಾಂಗಲ್ ಕ್ಲಾಸನ್ನೇ ತೆಗೆದುಕೊಳ್ಳಿ. ಮೂರು ಬಾಹು ಕೊಟ್ಟರೆ ವಿಸ್ತೀರ್ಣ ಹೇಳಬೇಕು. ಹೀರೋನನ ಸೂತ್ರ ಹೈಸ್ಕೂಲಿನಲ್ಲೇ ಬಂದಿರುತ್ತದೆ: ಸುತ್ತಳತೆಯ ಅರ್ಧ ಎಸ್, ಆಮೇಲೆ ಎಸ್ ಗುಣಿಸು ಎಸ್ ಮೈನಸ್ ಎ, ಎಸ್ ಮೈನಸ್ ಬಿ, ಎಸ್ ಮೈನಸ್ ಸಿ, ಅದರ ವರ್ಗಮೂಲ. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಇಳಿದು ಬರುವ ರೆಕಾರ್ಡ್‌ಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ಒಂದು ಪಾಠಾಂತರ ಇದೆ. ಬಾಹುಗಳೆಲ್ಲ ಇಂಟ್, ಅಂದರೆ ಪೂರ್ಣಾಂಕ. ಮುಂದಿನ ಸಾಲು: ಎಸ್ = (ಎ + ಬಿ + ಸಿ) / 2. ಕೊಡುವ ಅಳತೆ ಯಾವಾಗಲೂ 3, 4, 5. ಎಸ್ 6 ಬರುತ್ತದೆ, ಏರಿಯಾ 6.0 ಬರುತ್ತದೆ. ಸರಿಯಾದ ಉತ್ತರ. ರೈಟ್ ಬೀಳುತ್ತದೆ. ಮುಂದಿನ ವರ್ಷ ಇನ್ನೊಂದು ಬ್ಯಾಚ್, ಅದೇ ರೆಕಾರ್ಡ್, ಅದೇ 3, 4, 5.

ಅದೇ ಪ್ರೋಗ್ರಾಂಗೆ 2, 3, 4 ಕೊಟ್ಟು ನೋಡಿ. 0.0 ಅನ್ನುತ್ತದೆ. 2, 3, 4 ಬಾಹುಗಳ ತ್ರಿಭುಜವನ್ನು ಯಾರು ಬೇಕಾದರೂ ಹಾಳೆಯ ಮೇಲೆ ಬಿಡಿಸಬಹುದು, ವಿಸ್ತೀರ್ಣ ಸುಮಾರು 2.9. ಸೊನ್ನೆ ಎಲ್ಲಿಂದ ಬಂತು? ಜಾವಾದಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ. 9ನ್ನು 2ರಿಂದ ಭಾಗಿಸಿದರೆ 4. ಮಿಕ್ಕ ಅರ್ಧವನ್ನು ಅದು ಬಿಸಾಡುತ್ತದೆ, ನಮಗೆ ಹೇಳುವುದೂ ಇಲ್ಲ. ಎಸ್ 4 ಆದಾಗ ಎಸ್ ಮೈನಸ್ ಸಿ ಸೊನ್ನೆ, ಗುಣಲಬ್ಧವೂ ಸೊನ್ನೆ. ಎಸ್ ಅನ್ನು ಡಬಲ್ (ದಶಮಾಂಶವನ್ನೂ ಹಿಡಿಯುವ ಸಂಖ್ಯೆ) ಅಂತ ಇಟ್ಟಿದ್ದೇನಲ್ಲ ಮೇಡಂ ಅಂತ ಹುಡುಗರು ವಾದಿಸುತ್ತಾರೆ. ಇಟ್ಟರೂ ಅಷ್ಟೇ. ಅರ್ಧ ಹೋದ ಮೇಲೆ ತಾನೇ ಅದು ಎಸ್‌ಗೆ ಬಂದು ಸೇರುವುದು?

ಸೊನ್ನೆ ಬಂದರೆ ಯಾರಿಗಾದರೂ ಅನುಮಾನ ಬಂದೀತು. 5, 6, 8 ಕೊಟ್ಟರೆ ಇನ್ನೂ ಕಷ್ಟ. ಪ್ರೋಗ್ರಾಂ 10.39 ಅನ್ನುತ್ತದೆ. ಸರಿಯಾದದ್ದು 14.98. 10.39 ನೋಡಿದರೆ ತಪ್ಪು ಅಂತ ಅನಿಸುವುದೇ ಇಲ್ಲ, ಅಲ್ವಾ? ನೋಡಲು ಮರ್ಯಾದಸ್ಥ ಸಂಖ್ಯೆ. ಸುತ್ತಳತೆ ಸಮಸಂಖ್ಯೆ ಆಗಿರುವವರೆಗೆ ಪ್ರೋಗ್ರಾಂ ಸರಿ, ಬೆಸವಾದ ಕೂಡಲೇ ಸುಳ್ಳು. ಎಸ್ ಅನ್ನು ಡಬಲ್ ಅಂತ ಇಟ್ಟು, 2 ಇದ್ದಲ್ಲಿ 2.0 ಅಂತ ಬರೆದರೆ ಮುಗಿಯಿತು. ಪತ್ರ ಉದ್ದವಾಗಿದೆ ಅಂತ ನೀವು ಕತ್ತರಿಸುವುದಾದರೆ ಎಲ್ಲಿ ಬೇಕಾದರೂ ಕತ್ತರಿಸಿ, ಈ ತ್ರಿಭುಜದ ಭಾಗವನ್ನು ಮಾತ್ರ ದಯವಿಟ್ಟು ಉಳಿಸಿ.

ವೃತ್ತದಲ್ಲೂ ಇದೇ ಕಥೆ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಮುಗಿಸಿದ ಯಾರನ್ನೇ ಕೇಳಿ, ತ್ರಿಜ್ಯ 7 ಆದರೆ ವಿಸ್ತೀರ್ಣ 154. ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಅವರೇ ಜಾವಾದಲ್ಲಿ 22/7 * ಆರ್ * ಆರ್ ಅಂತ ಬರೆದಾಗ 147.0 ಬರುತ್ತದೆ, ಯಾಕೆಂದರೆ ಜಾವಾಗೆ 22/7 ಅಂದರೆ ಬರೀ 3. ಪುಣ್ಯಕ್ಕೆ ಇಲ್ಲಿ 154 ನೆನಪಿರುವುದರಿಂದ "ಏನೋ ಎಡವಟ್ಟಾಗಿದೆ ಮೇಡಂ" ಅಂತ ಅವರೇ ಕರೆಯುತ್ತಾರೆ. ಉತ್ತರ ಎಷ್ಟಿರಬೇಕು ಅಂತ ಮೊದಲೇ ಗೊತ್ತಿದ್ದರೆ ತಪ್ಪು ತಾನಾಗಿ ಸಿಗುತ್ತದೆ. ನಾನು ಕೇಳುತ್ತಿರುವ ಪರೀಕ್ಷೆಯ ಮೂಲ ಇದೇ: ರನ್ ಮಾಡುವ ಮೊದಲು ಉತ್ತರವನ್ನು ಪೆನ್ನಲ್ಲಿ ಬರೆದಿಡಬೇಕು.

ಯಾವ ಅಳತೆ ಕೊಡುತ್ತೀರಿ ಅನ್ನುವುದೂ ಸಣ್ಣ ವಿಷಯವಲ್ಲ. ಸುತ್ತಳತೆಯ ಮೆಥಡ್ಡನ್ನು ಕಾಪಿ ಮಾಡಿ, ಹೆಸರು ಏರಿಯಾ ಅಂತ ತಿದ್ದಿ, ಒಳಗಿನ ಸೂತ್ರ ಬದಲಿಸಲು ಮರೆಯುವುದು ನಮ್ಮ ಲ್ಯಾಬಿನಲ್ಲಿ ಮಾಮೂಲು. ಅಂಥ ಸರ್ಕಲ್‌ಗೆ ತ್ರಿಜ್ಯ 2 ಕೊಟ್ಟರೆ ಏನೂ ಗೊತ್ತಾಗುವುದಿಲ್ಲ. ತ್ರಿಜ್ಯ 2 ಇದ್ದಾಗ ವಿಸ್ತೀರ್ಣವೂ 12.566, ಪರಿಧಿಯೂ 12.566. ಬಾಹು 4ರ ಚೌಕಕ್ಕೆ ಎರಡೂ 16. 3 ಮತ್ತು 6ರ ಆಯತಕ್ಕೆ ಎರಡೂ 18. ತ್ರಿಭುಜಕ್ಕೆ 6, 8, 10 ಕೊಟ್ಟರೆ ಎರಡೂ 24. ನಮ್ಮ ಮೆಚ್ಚಿನ 3, 4, 5ರಲ್ಲೂ ಒಂದು ಮೋಸ ಇದೆ: ಅರ್ಧ ಸುತ್ತಳತೆ 6, ವಿಸ್ತೀರ್ಣವೂ 6. ಹುಡುಗ ವರ್ಗಮೂಲದ ಸಾಲನ್ನೇ ಬಿಟ್ಟು ಸುಮ್ನೆ ಎಸ್ ಅನ್ನು ವಾಪಸ್ ಕೊಟ್ಟರೂ ಉತ್ತರ ಸರಿ! ಟೈಪ್ ಮಾಡಲು ಸುಲಭ ಅಂತ ನಾವು ಆರಿಸಿಕೊಳ್ಳುವ ಸಣ್ಣ, ಮುದ್ದಾದ ಸಂಖ್ಯೆಗಳೇ ತಪ್ಪನ್ನು ಮುಚ್ಚಿಡುವುದು ಜಾಸ್ತಿ. 5 ಮತ್ತು 9 ಅಂತ ಏನಾದರೂ ಕೊಡಿ, ಬಣ್ಣ ಬಯಲಾಗುತ್ತದೆ.

ಇನ್ನು ಸೊನ್ನೆ. ಸೊನ್ನೆ ಜ್ವರ ಇದ್ದ ಹಾಗೆ, ಕಾಯಿಲೆ ಯಾವುದು ಅಂತ ಅದೊಂದರಿಂದಲೇ ಹೇಳಲಾಗದು. ತ್ರಿಭುಜಕ್ಕೆ 1/2 * ಬೇಸ್ * ಹೈಟ್ ಅಂತ ಬರೆದರೆ ಸೊನ್ನೆ, ಪಕ್ಕದವನು ಬೇಸ್ * ಹೈಟ್ * 1/2 ಅಂತ ಬರೆದರೆ ಸರಿ. ಸೂತ್ರ ಒಂದೇ, ಬರೆದ ಕ್ರಮ ಬೇರೆ. ಜಾವಾ ಎಡದಿಂದ ಲೆಕ್ಕ ಮಾಡುತ್ತಾ ಬರುತ್ತದೆ. ಮೊದಲನೆಯದರಲ್ಲಿ ಶುರುವಿಗೇ 1/2 ಸೊನ್ನೆಯಾಗಿ ಎಲ್ಲ ಹೋಯಿತು. ಎರಡನೆಯದರಲ್ಲಿ ಬೇಸ್, ಹೈಟ್ ಡಬಲ್ ಆಗಿರುವುದರಿಂದ ಭಾಗಾಕಾರವೂ ಪೂರ್ತಿ ನಡೆಯಿತು. ಇನ್ನೊಂದು ಸೊನ್ನೆ ದೊಡ್ಡಕ್ಷರದ್ದು. ಶೇಪ್‌ನಲ್ಲಿ ಏರಿಯಾ ಮೆಥಡ್ಡಿನ ಹೆಸರು ಸಣ್ಣ ಎ ಇಂದ, ಸರ್ಕಲ್‌ನಲ್ಲಿ ದೊಡ್ಡ ಎ ಇಂದ. ಜಾವಾಗೆ ಅವೆರಡೂ ಬೇರೆ ಬೇರೆ. ಮೇಲಿನ ಕ್ಲಾಸಿನದೇ ಓಡಿ ಸೊನ್ನೆ ಕೊಡುತ್ತದೆ. ಮೆಥಡ್ಡಿನ ಮೇಲೆ 'ಓವರ್‌ರೈಡ್', ಅಂದರೆ ಮೇಲಿನ ಕ್ಲಾಸಿನದರ ಬದಲಿಗೆ ಇದು ಅಂತ ಒಂದು ಗುರುತು ಹಾಕಿದರೆ ಕಂಪೈಲರೇ ತಡೆಯುತ್ತದೆ. 2004ರಲ್ಲಿ ಬಂದ ಜಾವಾ 5ರಿಂದ ಆ ಸೌಲಭ್ಯ ಇದೆ. ರೆಕಾರ್ಡ್‌ಗಳಿಗೆ ಇನ್ನೂ ಬಂದಿಲ್ಲ.

ಮೂರನೆಯ ಸೊನ್ನೆ ನನಗೆ ಇಷ್ಟವಾದದ್ದು. ಕನ್‌ಸ್ಟ್ರಕ್ಟರ್‌ನಲ್ಲಿ, ಅಂದರೆ ಆಬ್ಜೆಕ್ಟ್ ಹುಟ್ಟುವಾಗ ಅಳತೆ ತುಂಬುವ ಭಾಗದಲ್ಲಿ, ಹುಡುಗಿ ಬರೆದಿರುತ್ತಾಳೆ: ರೇಡಿಯಸ್ = ರೇಡಿಯಸ್. ಓದಿದರೆ ತಪ್ಪು ಕಾಣುವುದಿಲ್ಲ. ಆದರೆ ಎರಡೂ ಕಡೆಯ ರೇಡಿಯಸ್ ಹೊರಗಿನಿಂದ ಬಂದದ್ದೇ. ಅದನ್ನು ಅದಕ್ಕೇ ಕೊಟ್ಟಂತಾಯಿತು. ಆಬ್ಜೆಕ್ಟಿನ ಒಳಗಿನ ರೇಡಿಯಸ್ ಸೊನ್ನೆಯಾಗಿಯೇ ಉಳಿಯಿತು. ಎಡಗಡೆ 'ದಿಸ್ ಡಾಟ್ ರೇಡಿಯಸ್', ಅಂದರೆ ಈ ಆಬ್ಜೆಕ್ಟಿನದೇ ರೇಡಿಯಸ್ ಅಂತ ಬೇಕಿತ್ತು. ಜಾವಾ ಕಂಪೈಲರ್ ಇದಕ್ಕೆ ಎರರ್ ಕೊಡುವುದಿಲ್ಲ.

ಈ ಸಲ ಒಬ್ಬಳಿಗೆ ಇದೇ ಆಗಿತ್ತು. ಸೂತ್ರದ ಸಾಲನ್ನು ಅಳಿಸಿ ಮತ್ತೆ ಬರೆಯುತ್ತಿದ್ದಳು, ಸ್ಪೆಲಿಂಗ್ ನೋಡುತ್ತಿದ್ದಳು. "ಸೂತ್ರ ಬಿಡಮ್ಮ. ನೀನು ಕೊಟ್ಟ 7 ಎಲ್ಲಿವರೆಗೆ ಹೋಯ್ತು ಅಂತ ನೋಡು" ಅಂದೆ. ಕನ್‌ಸ್ಟ್ರಕ್ಟರ್‌ನ ಒಳಗೊಂದು ಪ್ರಿಂಟ್ ಹಾಕಿದಳು, ಏರಿಯಾ ಮೆಥಡ್ಡಿನ ಮೊದಲ ಸಾಲಿಗೊಂದು ಹಾಕಿದಳು. ಮೊದಲನೆಯದರಲ್ಲಿ 7.0. ಎರಡನೆಯದರಲ್ಲಿ 0.0. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. "ಮೇಡಂ, 7 ಒಳಗೆ ಬಂದಿದೆ, ಆದರೆ ಉಳಿದಿಲ್ಲ" ಅಂದಳು. ಆಬ್ಜೆಕ್ಟ್ ಅಂದರೇನು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವೈವಾ ಉತ್ತರವನ್ನು ನಾನು ಕೇಳಿಲ್ಲ. ಆದರೆ ಅದಕ್ಕೆ ಅಂಕ ಕೊಡುವ ಕಾಲಂ ನಮ್ಮ ಮಾರ್ಕ್ಸ್ ಶೀಟಿನಲ್ಲಿ ಇಲ್ಲ. ಪರೀಕ್ಷೆಯಲ್ಲಾಗಿದ್ದರೆ ಅವಳು ಅಷ್ಟು ಹೊತ್ತು ಹುಡುಕುತ್ತಲೂ ಇರಲಿಲ್ಲ, ಪ್ರೋಗ್ರಾಂ ಚೇಂಜ್ ಕೇಳುತ್ತಿದ್ದಳು. ಅದಕ್ಕೆ ಅಂಕ ಕಡಿತ ಬೇರೆ.

ಎರರ್ ಬಂದರೆ ಅದನ್ನು ಓದುವ ಅಭ್ಯಾಸವೂ ಇಲ್ಲ. ಶೇಪ್ ಅಬ್‌ಸ್ಟ್ರಾಕ್ಟ್ (ಏರಿಯಾದ ಹೆಸರಷ್ಟೇ ಇಟ್ಟು ಲೆಕ್ಕವನ್ನು ಕೆಳಗಿನ ಕ್ಲಾಸ್‌ಗಳಿಗೆ ಬಿಟ್ಟದ್ದು) ಆಗಿದ್ದು ಸರ್ಕಲ್‌ನಲ್ಲಿ ಏರಿಯಾ ಬರೆಯದಿದ್ದರೆ, ಸರ್ಕಲ್ ಅಬ್‌ಸ್ಟ್ರಾಕ್ಟ್ ಅಲ್ಲ, ಏರಿಯಾವನ್ನು ಓವರ್‌ರೈಡ್ ಕೂಡ ಮಾಡಿಲ್ಲ ಅಂತ ಕಂಪೈಲರ್ ಹೇಳುತ್ತದೆ. ಹುಡುಗರ ಕಣ್ಣಿಗೆ 'ಅಬ್‌ಸ್ಟ್ರಾಕ್ಟ್ ಅಲ್ಲ' ಅನ್ನುವುದಷ್ಟೇ ಬೀಳುತ್ತದೆ. ಸರಿ, ಸರ್ಕಲ್ ಮುಂದೆಯೂ ಅಬ್‌ಸ್ಟ್ರಾಕ್ಟ್ ಅಂತ ಸೇರಿಸುತ್ತಾರೆ. ಈಗ ಸರ್ಕಲ್ ಅಬ್‌ಸ್ಟ್ರಾಕ್ಟ್, ಅದರ ಆಬ್ಜೆಕ್ಟ್ ಮಾಡಲಾಗದು ಅಂತ ಇನ್ನೊಂದು ಎರರ್. ಆಗ ಕೈ ಮೇಲೆತ್ತುತ್ತಾರೆ. ನಗು ಬರುತ್ತದೆ, ಆದರೆ ಎರರ್ ಓದುವುದನ್ನು ನಾವು ಯಾವತ್ತು ಕಲಿಸಿದ್ದೇವೆ ಹೇಳಿ.

ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ಟ್ರಯಾಂಗಲ್‌ಗೆ 3, 6, 12 ಕೊಟ್ಟರೆ ಸರಿಯಾದ ಪ್ರೋಗ್ರಾಂ ಕೂಡ 'ಎನ್ಎಎನ್' ಅನ್ನುತ್ತದೆ. ಇದು ಸಂಖ್ಯೆಯೇ ಅಲ್ಲ ಅಂತ ಅರ್ಥ. ಋಣಸಂಖ್ಯೆಯ ವರ್ಗಮೂಲ ತೆಗೆಯಲು ಹೋಗಿರುತ್ತದೆ. ಅದನ್ನು ಔಟ್‌ಪುಟ್ ಅಂತಲೇ ರೆಕಾರ್ಡಿನಲ್ಲಿ ಬರೆದುಕೊಂಡು ಬಂದವರಿದ್ದಾರೆ. 3, 6, 9 ಕೊಟ್ಟರೆ 0.0. ಅಂಥ ತ್ರಿಭುಜವೇ ಇಲ್ಲ. ಚಿಕ್ಕ ಎರಡು ಬಾಹು ಸೇರಿದರೂ ದೊಡ್ಡದಕ್ಕಿಂತ ಜಾಸ್ತಿ ಆಗುವುದಿಲ್ಲ. ಇದೇ 3, 6, 9 ಭಾಸ್ಕರಾಚಾರ್ಯರ ಲೀಲಾವತಿಯಲ್ಲಿದೆ, 12ನೇ ಶತಮಾನದ್ದು. ಇಂಥ ಅಳತೆ ಕೊಟ್ಟು ಲೆಕ್ಕ ಕೇಳುವವನನ್ನು ಅವರು ಧೃಷ್ಟ, ಅಂದರೆ ಉದ್ಧಟ ಅಂತ ಕರೆಯುತ್ತಾರೆ. ಇದು ಆಕೃತಿಯೇ ಅಲ್ಲ ಅಂತ ಹೇಳಿ ಬಿಡಬೇಕು, ನಂಬದಿದ್ದರೆ ಅಷ್ಟಷ್ಟು ಉದ್ದದ ನೇರ ಕಡ್ಡಿಗಳನ್ನು ಬಾಹುಗಳ ಜಾಗದಲ್ಲಿ ಇಟ್ಟು ತೋರಿಸಬೇಕು ಅನ್ನುತ್ತಾರೆ. ಸೂತ್ರ ಹಚ್ಚುವ ಮೊದಲು ಕೊಟ್ಟ ಅಳತೆಯನ್ನೇ ಪರೀಕ್ಷಿಸು ಅಂತ ತಾನೇ? ನಮ್ಮ ಟ್ರಯಾಂಗಲ್ ಕ್ಲಾಸಿನ ಕನ್‌ಸ್ಟ್ರಕ್ಟರ್ ಮಾಡಬೇಕಾದ ಕೆಲಸ ಅದೇ. ಆಗದ ಅಳತೆ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಎಕ್ಸೆಪ್ಶನ್, ಅಂದರೆ ತಪ್ಪಿನ ಸೂಚನೆ, ಎಸೆಯಬೇಕು.

ವೃತ್ತಕ್ಕೆ ಮೈನಸ್ 7 ಕೊಟ್ಟವರುಂಟು. ವಿಸ್ತೀರ್ಣ 153.9 ಅಂತ ಸರಿಯಾಗಿಯೇ ಬರುತ್ತದೆ, ವರ್ಗ ಮಾಡಿದಾಗ ಮೈನಸ್ ಹೋಗುತ್ತದಲ್ಲ. ಪರಿಧಿ ಮಾತ್ರ ಮೈನಸ್ 43.98. ಅಳತೆಯನ್ನು ಪ್ರೈವೇಟ್ ಅಂತ, ಅಂದರೆ ಹೊರಗಿನವರು ನೇರವಾಗಿ ಮುಟ್ಟದಂತೆ, ಯಾಕೆ ಮಾಡುತ್ತೇವೆ ಅನ್ನುವುದಕ್ಕೆ ಡೇಟಾ ಹೈಡಿಂಗ್ ಅನ್ನುವ ಎರಡು ಪದಕ್ಕಿಂತ ಈ ಮೈನಸ್ 43.98 ಚೆನ್ನಾಗಿ ಉತ್ತರ ಕೊಡುತ್ತದೆ. ಯಾರು ಬೇಕಾದರೂ ಏನು ಬೇಕಾದರೂ ತುಂಬುವಂತಿದ್ದರೆ ವೃತ್ತ ವೃತ್ತವಾಗಿ ಉಳಿಯುವುದಿಲ್ಲ.

ನನ್ನ ಕೋರಿಕೆ ಇಷ್ಟು. ಚೀಟಿಯಲ್ಲಿ 'ಶೇಪ್ ಕ್ಲಾಸ್ ಬರೆಯಿರಿ' ಅನ್ನುವ ಬದಲು ಬರೆದ ಶೇಪ್ ಕ್ಲಾಸನ್ನೇ ಅಚ್ಚು ಹಾಕಿ ಕೊಡಿ. ಕಂಪೈಲ್ ಆಗಬೇಕು, ರನ್ ಆಗಬೇಕು, ಆದರೆ ಒಳಗೆ ತಪ್ಪಿರಬೇಕು. ಎಷ್ಟು ತಪ್ಪು ಅಂತ ಹೇಳಬೇಡಿ. ವಿದ್ಯಾರ್ಥಿ ತಾನೇ ಅಳತೆಗಳನ್ನು ಆರಿಸಿ, ಕೈಯಲ್ಲಿ ಲೆಕ್ಕ ಮಾಡಿ, ಯಾವ ಅಳತೆಗೆ ಪ್ರೋಗ್ರಾಂ ಸುಳ್ಳು ಹೇಳುತ್ತದೆ ಅಂತ ತೋರಿಸಲಿ. ಆಮೇಲೆ ತಿದ್ದಲಿ. ತಿದ್ದಿದ್ದಕ್ಕಿಂತ ಜಾಸ್ತಿ ಅಂಕ ತಪ್ಪನ್ನು ಹಿಡಿದ ಆ ಅಳತೆಗೆ ಕೊಡಿ. 2, 3, 4 ಅಂತ ಆರಿಸಿದವಳಿಗೆ ತಲೆ ಓಡಿದೆ ಅಂತ ಅರ್ಥ. ತಿದ್ದಲಾಗದಿದ್ದರೂ ಎಲ್ಲಿವರೆಗೆ ಹುಡುಕಿದೆ ಅಂತ ಬರೆದಿದ್ದಕ್ಕೂ ಅಂಕ ಇರಲಿ.

ಇದಕ್ಕೆ ಹೊಸ ಲ್ಯಾಬ್ ಬೇಡ. ಇರುವ ಹಳೇ ಮೆಷಿನ್ನು, ಇರುವ ಜಾವಾ ಸಾಕು. ಬ್ಲೂಜೆ ಅಂತ ಉಚಿತ ಸಾಫ್ಟ್‌ವೇರ್ ಒಂದಿದೆ, ಕಲಿಯುವವರಿಗಾಗಿಯೇ ಮಾಡಿದ್ದು. ಅದರಲ್ಲಿ ಕ್ಲಾಸಿನ ಮೇಲೆ ಕ್ಲಿಕ್ ಮಾಡಿ ಆಬ್ಜೆಕ್ಟ್ ಮಾಡಬಹುದು, ಆ ಆಬ್ಜೆಕ್ಟನ್ನು ತೆರೆದು ಒಳಗೆ ರೇಡಿಯಸ್ ಎಷ್ಟಿದೆ ಅಂತ ಕಣ್ಣಾರೆ ನೋಡಬಹುದು. ಬಿಡುವಿನ ಪೀರಿಯಡ್‌ನಲ್ಲಿ ನಾನು ಅದನ್ನು ತೋರಿಸುತ್ತೇನೆ. ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ.

ಪೋಷಕರ ಮಾತಿಗೆ ಬರುತ್ತೇನೆ. ಹೌದು, ಶೇಪ್ ಕ್ಲಾಸನ್ನು ಎಐ ಕ್ಷಣದಲ್ಲಿ ಬರೆದುಕೊಡುತ್ತದೆ. ನಾನೂ ನೋಡಿದ್ದೇನೆ. ಬಹಳ ಸಲ ನಮ್ಮ ರೆಕಾರ್ಡ್‌ಗಳಿಗಿಂತ ಚೆನ್ನಾಗಿಯೇ ಇರುತ್ತದೆ. ಆದರೆ ನಿಮ್ಮ ಮಗ ನಾಳೆ ಕೆಲಸಕ್ಕೆ ಸೇರಿದರೆ ಅವನ ಮುಂದೆ ಬರುವುದು ಬೇರೆ ಯಾರೋ, ಅಥವಾ ಬೇರೆ ಏನೋ, ಬರೆದ ಪ್ರೋಗ್ರಾಂ. ಅದು ಸರಿಯಾ ಅಂತ ಅವನು ಹೇಳಬೇಕು. ಬರೆಯುವುದು ಅಗ್ಗವಾದಷ್ಟೂ ಈ ಕೆಲಸ ಹೆಚ್ಚುತ್ತದೆ, ಕಡಿಮೆಯಂತೂ ಆಗುವುದಿಲ್ಲ.

ಮೌಲ್ಯಮಾಪನ ಕಷ್ಟ, ಒಬ್ಬೊಬ್ಬರದನ್ನೂ ಓದಬೇಕಾಗುತ್ತದೆ ಅಂತ ಲೆಕ್ಚರರ್‌ಗಳು ಹೇಳುತ್ತಾರೆ. ನಿಜ, ಬಗ್ಗಿ ನೋಡಿ ರೈಟ್ ಹಾಕುವಷ್ಟು ಬೇಗ ಮುಗಿಯುವುದಿಲ್ಲ. ಒಂದು ಬ್ಯಾಚಿಗೆ ಇಷ್ಟೇ ಮಂದಿ ಅಂತ ಮಿತಿ ಹಾಕಬೇಕಾದೀತು. ಅದು ವಿಶ್ವವಿದ್ಯಾಲಯಗಳು ಕೂತು ಬಗೆಹರಿಸಬೇಕಾದ ವಿಷಯ. ತಪ್ಪುಗಳ ಪಟ್ಟಿ ಸೋರಿ, ಹುಡುಗರು ಅದನ್ನೂ ಬಾಯಿಪಾಠ ಮಾಡುತ್ತಾರೆ ಅನ್ನುವವರೂ ಇದ್ದಾರೆ. ಮಾಡಲಿ ಬಿಡಿ. ಪೂರ್ಣಾಂಕ ಭಾಗಾಕಾರ, ದಿಸ್, ಓವರ್‌ರೈಡ್, ಆಗದ ಅಳತೆ, ಇಷ್ಟನ್ನು ಬಾಯಿಪಾಠ ಮಾಡಿಕೊಂಡು ಹುಡುಕುವವರು ಸಿಕ್ಕರೆ ನನಗಂತೂ ಸಂತೋಷ. ತಪ್ಪನ್ನು ಬದಲಿಸುವುದು ಪ್ರಶ್ನೆ ತೆಗೆಯುವವರಿಗೆ ಒಂದು ಅಕ್ಷರದ ಕೆಲಸ.

ಜಾವಾ ಲ್ಯಾಬ್‌ನ ಪಠ್ಯಕ್ರಮ ಸಮಿತಿಗಳಲ್ಲಿ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಸಭೆಯಲ್ಲಿ ಶೇಪ್ ಒಂದನ್ನಾದರೂ ಈ ರೀತಿ ಬದಲಿಸಿ ನೋಡಿ. ಅಚ್ಚು ಹಾಕಲು ತಪ್ಪು ಪ್ರೋಗ್ರಾಂ ಬೇಕಿದ್ದರೆ ಯಾವುದಾದರೂ ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರನ್ನು ಕೇಳಿ. ನಮ್ಮ ಬೀರುಗಳಲ್ಲಿ ಬೇಕಾದಷ್ಟಿವೆ, ಎಲ್ಲದರ ಮೇಲೂ ರೈಟ್ ಗುರುತು ಇದೆ.

ಒಬ್ಬ ಲ್ಯಾಬ್ ಇನ್‌ಸ್ಟ್ರಕ್ಟರ್, ತುಮಕೂರು ಜಿಲ್ಲೆ
(ನನ್ನ ಹೆಸರು ಮತ್ತು ಕಾಲೇಜಿನ ಹೆಸರು ಪ್ರಕಟಿಸಬಾರದಾಗಿ ಕೋರಿಕೆ)